ಇವರ ಎಡಗಡೆಯ ಸೀಟು

ಬುಧವಾರ ಬೆಳಿಗ್ಗೆ ಆರೂವರೆಗೆ ವೆಳ್ಳಕೋಯಿಲ್ ಬಿಟ್ಟೆವು. ನಮ್ಮ ಕಡೆಯ ಆಷಾಢವನ್ನು ಇಲ್ಲಿ ಆಡಿ ಎನ್ನುತ್ತಾರೆ. ಪಾಲ್ಘಾಟಿನ ಕಡೆಯಿಂದ ಬೀಸುವ ಗಾಳಿ ಆ ತಿಂಗಳೆಲ್ಲ ನಿಲ್ಲುವುದಿಲ್ಲ. ಮನೆಯ ಮುಂದೆ ನಿಂತ ಅಂಬಾಸಿಡರ್ ಕಾರಿನ ಬಾಗಿಲನ್ನು ಡ್ರೈವರ್ ಪಳನಿಸಾಮಿ ಎರಡೂ ಕೈಯಿಂದ ಹಿಡಿದುಕೊಂಡ. ನಾನು ಇವರನ್ನು ಮೆಲ್ಲಗೆ ಒಳಗೆ ಕೂರಿಸಿದೆ. ಇಡ್ಲಿ ಕಟ್ಟಿಕೊಂಡಿದ್ದೆ, ಫ್ಲಾಸ್ಕಿನಲ್ಲಿ ಗಂಜಿ, ಎರಡು ಟವೆಲು, ಒಂದು ದಿಂಬು.

ಕೊಯಮತ್ತೂರಿಗೆ ಸುಮಾರು ನೂರು ಕಿಲೋಮೀಟರು. ಅಲ್ಲಿ ಎರಡು ಕೆಲಸವಿತ್ತು. ಮುಂದಿನ ವಾರ ಬೊಂಬಾಯಿಯಿಂದ ಲಂಡನ್ನಿಗೆ ಹೋಗುವ ರಾತ್ರಿಯ ವಿಮಾನದಲ್ಲಿ ನಮ್ಮಿಬ್ಬರ ಸೀಟು ಯಾವುದೆಂದು ಟ್ರಾವೆಲ್ಸ್ ಆಫೀಸಿನಲ್ಲಿ ನಿಶ್ಚಯ ಮಾಡಬೇಕಿತ್ತು. ಆಮೇಲೆ, ಇವರು ವಿಮಾನದಲ್ಲಿ ಹೋಗಬಹುದು ಎಂದು ಡಾಕ್ಟರ ಕೈಯಲ್ಲಿ ಬರೆಸಬೇಕಿತ್ತು.

ಮಾಘದಲ್ಲಿ ಇವರಿಗೆ ಲಕ್ವ ಹೊಡೆದು ಬಲಗಡೆ ಹೋಯಿತು. ಮಾತೂ ಹೋಯಿತು, ಆದರೆ ಪೂರ್ತಿ ಅಲ್ಲ. ಮೂವತ್ತು ವರ್ಷ ಪವರ್‌ಲೂಮ್ ನಡೆಸಿದವರು. ಸಂತೆಯಲ್ಲಿ, ಬ್ಯಾಂಕಿನಲ್ಲಿ, ಆಳುಗಳ ಹತ್ತಿರ ಎಲ್ಲ ತಮಿಳಿನಲ್ಲೇ ಗದ್ದಲ ಮಾಡಿದವರು. ಆ ತಮಿಳು ಒಂದಕ್ಷರವೂ ಉಳಿಯಲಿಲ್ಲ, ಯಾರಾದರೂ ಆಡಿದರೆ ತಿಳಿಯುವುದೂ ಇಲ್ಲ. ಇವರ ತಾಯಿ ಮಗ್ಗದ ಗುಂಡಿಯ ಪಕ್ಕ ಕೂತು ಆಡುತ್ತಿದ್ದ ಮನೆಗನ್ನಡ ಮಾತ್ರ ಉಳಿದಿತ್ತು, ಅದೂ ಹತ್ತಿಪ್ಪತ್ತು ಮಾತು. ನೀರು, ಬಾ, ಬುಡು, ಎಲ್ಲಿ. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ನನ್ನ ಕನ್ನಡ ತಮಗೆ ಅರ್ಥವಾಗುವುದಿಲ್ಲವೆಂದು ಇವರು ಮೊದಲೆಲ್ಲ ಹಾಸ್ಯ ಮಾಡುತ್ತಿದ್ದರು. ಮನೆಗನ್ನಡ ಬಿಟ್ಟರೆ ಈಗ ಇವರಿಗೆ ತಿಳಿಯುವುದು ಅದೊಂದೇ. ಕುತ್ತಿಗೆಯ ರಕ್ತನಾಳವನ್ನು ಶುಚಿ ಮಾಡುವ ಡಾಕ್ಟರು ಲಂಡನ್ನಿನಲ್ಲಿದ್ದಾರೆ, ಮಾಡಿಸದಿದ್ದರೆ ಇನ್ನೊಂದು ಸಲ ಹೊಡೆಯುತ್ತದೆ, ಆಗ ಉಳಿದ ಮಾತೂ ಉಳಿಯಲಾರದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು.

ಗಾಳಿ ಬರಲೆಂದು ಇವರನ್ನು ಎಡಗಡೆಯ ಕಿಟಕಿಗೆ ಕೂರಿಸಿ ನಾನು ಬಲಕ್ಕೆ ಕೂತಿದ್ದೆ. ಊರು ದಾಟುವಷ್ಟರಲ್ಲಿ ಇವರು 'ಎಲ್ಲಿ?' ಎಂದರು. ಇಲ್ಲೇ ಇದ್ದೀನಿ ಎಂದು ಕೈ ಹಿಡಿದೆ. ಸ್ವಲ್ಪ ಹೊತ್ತಿಗೆ ಮತ್ತೆ 'ಎಲ್ಲಿ?' ತಾಳೆಮರ, ಮುಳ್ಳುಬೇಲಿಯ ಒಣ ಹೊಲ, ನುಗ್ಗೆಕಾಯಿ ಕಟ್ಟುಗಳನ್ನು ಹೇರಿಕೊಂಡ ಸೈಕಲ್ಲುಗಳು ಎಲ್ಲ ಹಿಂದೆ ಹೋದವು. ಕಾಂಗೇಯಂ ಬರುವ ತನಕ ಇವರು ಕೇಳುತ್ತಲೇ ಇದ್ದರು. ಕೊನೆಕೊನೆಗೆ ದನಿ ನಡುಗುತ್ತಿತ್ತು. ನಾನು ಹಿಡಿದಿದ್ದದ್ದು ಸತ್ತ ಕೈ ಎಂದು ನನಗೆ ಆಗ ಹೊಳೆಯಿತು. ಆ ಕಡೆಯ ನೋಟವೂ ಮಬ್ಬು. ಇವರ ಮಟ್ಟಿಗೆ ಕಾರಿನಲ್ಲಿ ನಾನು ಇರಲೇ ಇಲ್ಲ.

ಕಾಂಗೇಯಂನಲ್ಲಿ ರೈಸ್‌ಮಿಲ್ಲೊಂದರ ಎದುರು ಕಾರು ನಿಲ್ಲಿಸಿ ಎಳನೀರು ಕುಡಿದೆವು. ಇವರನ್ನು ಹಿಡಿದುಕೊಂಡು ಕಾರನ್ನು ಸುತ್ತಿ ಕರೆತಂದು ಬಲಗಡೆಯ ಕಿಟಕಿಗೆ ಕೂರಿಸಿದೆ. ಬಿದ್ದ ಕೈಗೆ ಬಾಗಿಲ ಕಡೆ ದಿಂಬು ಒತ್ತಿ, ನಾನು ಎಡಕ್ಕೆ ಕೂತು ಒಳ್ಳೆಯ ಕೈಯನ್ನು ಹಿಡಿದೆ. ಇವರು ಒಂದು ಸಲ ನನ್ನ ಕಡೆ ತಿರುಗಿ ನೋಡಿದರು. ಮುಂದೆ ತಿರುಪ್ಪೂರಿನ ತನಕ, ಇಪ್ಪತ್ತೆಂಟು ಕಿಲೋಮೀಟರು, ಕೇಳಲಿಲ್ಲ, ನಿದ್ದೆ ಬಂತು.

ತಿರುಪ್ಪೂರಿನಲ್ಲಿ ಭಾವನವರ ಮನೆ. ಇವರ ಅಣ್ಣ ಅವರು, ಬನಿಯನ್ ಫ್ಯಾಕ್ಟರಿ ಇದೆ, ಸರಕು ಮಾರಲು ಒಮ್ಮೆ ಜರ್ಮನಿಗೆ ಹೋಗಿಬಂದವರು. ಟಿಕೆಟ್ಟಿನ ಖರ್ಚೆಲ್ಲ ಅವರದೇ. ಎಷ್ಟೆಂದು ನನಗೆ ಯಾರೂ ಹೇಳಲಿಲ್ಲ. ಹಿಂದಿನ ಬೀದಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ನೀರಿನ ನಾತಕ್ಕೆ ಕಿಟಕಿ ಮುಚ್ಚಿಸಿ ಕಾಫಿ ಕೊಟ್ಟರು. ಅಲ್ಲೇ ಸೀಟಿನ ಮಾತು ಬಂತು.

'ಸಾದಾ ಸೀಟಲ್ಲ ಅಮ್ಮಣಿ, ಬಿಸಿನೆಸ್ ಕ್ಲಾಸು. ಆಳುಕ್ಕೊಂದು ಜನ್ನಲು ಹಿಡಿದಿವ್ನಿ, ಒಂದರ ಹಿಂದೆ ಒಂದು. ಯಾರ್ಗೂ ಸಿಕ್ಕಲ್ಲ ಅದು' ಎಂದರು.

ಇಬ್ಬರಿಗೂ ಕಿಟಕಿ, ಅದೂ ಒಂದರ ಹಿಂದೆ ಒಂದಾದರೆ ಇವರ ಪಕ್ಕ ಯಾರು ಕೂರುತ್ತಾರೆ ಎಂದು ಕೇಳಿದೆ. ಯಾರೋ ದೊಡ್ಡ ಮನುಷ್ಯರು ಎಂದರು. ಜರ್ಮನಿಗೆ ಹೋದಾಗ ಅವರಿಗೆ ಕಿಟಕಿ ಸಿಕ್ಕಿರಲಿಲ್ಲ. ಆ ಆಸೆಯನ್ನೇ ನಮ್ಮಿಬ್ಬರಿಗೂ ಮರ್ಯಾದೆಯಾಗಿ ಕೊಟ್ಟಿದ್ದರು. ನನಗೆ ಕಿಟಕಿ ಬೇಡ, ಇವರ ಎಡಗಡೆಯೇ ಬೇಕು ಎಂದಾಗ ಅವರ ಮುಖ ಸಣ್ಣದಾಯಿತು. ತಮ್ಮನ ಕಡೆ ತಿರುಗಿ, 'ಕೇಳ್ದೆಯಾ? ಮೂವತ್ತು ವರ್ಸ ಆದ್ಮೇಲೆ ನಿನ್ನೆಂಡ್ತಿ ಜೋಡಿ ಸೀಟು ಕೇಳ್ತಾಳೆ' ಎಂದರು. ಇವರು ನಕ್ಕರು. ಬಾಯಿಯ ಅರ್ಧ ಮಾತ್ರ ನಗುತ್ತದೆ. ಭಾವ ಎದ್ದು, ತಾನೇ ಬಂದು ಸೀಟು ಬದಲಾಯಿಸುತ್ತೇನೆಂದು ಚಪ್ಪಲಿ ಮೆಟ್ಟಿಕೊಂಡರು.

ಅವಿನಾಶಿಯ ಮೇಲೆ ಹೋಗಿ ಕೊಯಮತ್ತೂರು ಮುಟ್ಟಿದಾಗ ಹತ್ತೂವರೆ. ಪೀಳಮೇಡಿನಲ್ಲಿ ಮಿಲ್ಲಿನ ಪಾಳಿ ಬಿಟ್ಟ ಹೆಂಗಸರು ರಸ್ತೆ ತುಂಬ ಇದ್ದರು. ಟ್ರಾವೆಲ್ಸ್ ಆಫೀಸು ಕೆಳ ಅಂತಸ್ತಿನಲ್ಲಿದ್ದದ್ದು ನಮ್ಮ ಪುಣ್ಯ. ಅಲ್ಲಿ ವಸಂತಿ ಎಂಬ ಹುಡುಗಿ ಗಾಜಿನ ಮೇಜಿನ ಮೇಲೆ ವಿಮಾನದ ನಕ್ಷೆ ಹಾಸಿ ತಮಿಳಿನಲ್ಲಿ ವಿವರಿಸಿದಳು. ಓದುವವರಲ್ಲಿ ಯಾರಾದರೂ ಗಂಡಹೆಂಡತಿ ಹೋಗುವವರಿದ್ದರೆ ಉಪಯೋಗವಾದೀತೆಂದು ಬರೆಯುತ್ತೇನೆ. ಬಿಸಿನೆಸ್ ಕ್ಲಾಸಿನಲ್ಲಿ ಕಿಟಕಿಯ ಪಕ್ಕ ಎರಡೆರಡು ಸೀಟಿನ ಜೋಡಿ. ನಡುವೆ ಮೂರಿರುತ್ತದೆ, ಅಲ್ಲಿ ಕೂತರೆ ಮೂರನೆಯವರು ಯಾರೋ ಅಪರಿಚಿತರು. ಎಲ್ಲಕ್ಕಿಂತ ಮುಂದಿನ ಸಾಲಿಗೆ ಎದುರು ಗೋಡೆ. ಕಾಲು ಚಾಚಬಹುದು, ಆದರೆ ಊಟದ ಹಲಗೆ ಸೀಟಿನ ತೋಳಿನೊಳಗಿರುವುದರಿಂದ ಇಬ್ಬರ ನಡುವಿನ ತೋಳನ್ನು ಎತ್ತಲು ಬರುವುದಿಲ್ಲ. ಕೊನೆಯ ಸಾಲುಗಳು ಸಿಗರೇಟಿನವರಿಗೆ, ಅದರ ಮುಂದಿನ ಸಾಲಿಗೂ ಹೊಗೆ ತಪ್ಪದು. ಅಡಿಗೆಯ ಜಾಗದ ಹತ್ತಿರ ರಾತ್ರಿಯೆಲ್ಲ ಪಾತ್ರೆಯ ಸದ್ದು. ವಿಮಾನದ ಮೇಲಂತಸ್ತಿನಲ್ಲಿ ಸದ್ದಿಲ್ಲ, ಹೊಸದಾಗಿ ಮದುವೆಯಾದವರು ಅದನ್ನೇ ಕೇಳುತ್ತಾರಂತೆ, ಆದರೆ ಮೆಟ್ಟಿಲಿದೆ. ಸೀಟು ಒರಗುತ್ತದೆಯೇ ಹೊರತು ಹಾಸಿಗೆಯಂತೆ ಮಲಗುವುದಿಲ್ಲ.

ಓಡಾಡಲು ಸುಲಭವಾಗಲಿ, ಯಜಮಾನರಿಗೆ ದಾರಿಯ ಪಕ್ಕ ಕೊಡಲೇ ಎಂದು ಅವಳು ಕೇಳಿದಳು. ನಾನು ನಕ್ಷೆಯ ಮೇಲೆ ಬೆರಳಿಟ್ಟು ಎಣಿಸಿ ನೋಡಿದೆ. ಎಡಗಡೆಯ ಜೋಡಿಯಲ್ಲಿ ಇವರು ದಾರಿಗೆ ಕೂತರೆ ನಾನು ಎಡಕ್ಕೆ ಸಿಕ್ಕುತ್ತೇನೆ, ಆದರೆ ಬಿದ್ದ ಕೈ ದಾರಿಗೆ ಜೋತು ಊಟದ ಗಾಡಿ ಬಡಿದರೂ ಇವರಿಗೆ ತಿಳಿಯದು. ಬಲಗಡೆಯ ಜೋಡಿಯಲ್ಲಿ ದಾರಿಗೆ ಕೂತರೆ ಒಳ್ಳೆಯ ಕೈ ದಾರಿಗೆ, ನಾನು ಸತ್ತ ಕಡೆಗೆ, ರಾತ್ರಿಯೆಲ್ಲ 'ಎಲ್ಲಿ?' ಬಲಗಡೆಯ ಜೋಡಿಯಲ್ಲಿ ಇವರು ಕಿಟಕಿಗೆ, ನಾನು ದಾರಿಗೆ ಕೂತರೆ ಮಾತ್ರ ಎಲ್ಲ ಸರಿಹೋಗುತ್ತದೆ. ಬಿದ್ದ ಕೈಗೆ ಗೋಡೆ, ಒಳ್ಳೆಯ ಕೈಗೆ ನಾನು. ಎಬ್ಬಿಸಬೇಕಾದರೆ ನಾನು ಎದ್ದು ಜಾಗ ಮಾಡಿದರಾಯಿತು. ಅದನ್ನೇ ಹೇಳಿದೆ. ವಸಂತಿ ಒಂದು ಕ್ಷಣ ನಕ್ಷೆಯನ್ನು ನೋಡಿ, ಸರಿ ಅಮ್ಮ ಎಂದು ಬೊಂಬಾಯಿಗೆ ಟೆಲೆಕ್ಸ್ ಕೊಟ್ಟಳು.

ಉತ್ತರ ಬರುವ ತನಕ ಕಾರಿನಲ್ಲೇ ಇವರಿಗೆ ಊಟ. ಮೆಸ್ಸಿನಿಂದ ರಸದನ್ನ ತರಿಸಿ ಕಲಸಿ ತಿನ್ನಿಸಿದೆ. ಮಧ್ಯಾಹ್ನ ಒಂದು ಗಂಟೆಗೆ ಭಾವ ಬಂದು ಸೀಟು ಸಿಕ್ಕಿತು ಎಂದರು. ಇವರ ಕೈ ಅದುಮಿ, ಜೊತೆಗೇ ಕೂರುತ್ತೇವೆ, ನಾನು ಈ ಕಡೆ ಎಂದೆ. ಇವರು ತುಂಬ ಹೊತ್ತು ಮಾತು ಹುಡುಕಿ 'ಬಾ' ಎಂದರು. ಆ ದಿನ ನನಗೆ ಊಟ ರುಚಿಸಿದ್ದು ಆಗ ತಿಂದ ಎರಡು ತುತ್ತು ಮಾತ್ರ.

ಡಾಕ್ಟರು ವಯಸ್ಸಾದವರು, ಮೆತ್ತನೆಯ ಮಾತಿನವರು. ಎರಡು ಸಲ ರಕ್ತದೊತ್ತಡ ನೋಡಿದರು. ಕಾಲು ಒತ್ತಿ ನೋಡಿದರು. ಕೂತು ಬಂದ ಮೂರು ನಾಲ್ಕು ಗಂಟೆಗೇ ಬಲಗಾಲು ಊದಿತ್ತು, ಬೆರಳಿನ ಗುಳಿ ಹಾಗೇ ನಿಂತಿತು. ಎದ್ದು ನಿಲ್ಲಿ ಎಂದರು ತಮಿಳಿನಲ್ಲಿ. ಇವರು ನನ್ನ ಮುಖ ನೋಡಿದರು. ನಾನು ಕನ್ನಡದಲ್ಲಿ ಹೇಳಿದ ಮೇಲೆ ಎದ್ದರು, ನಿಲ್ಲಲಾಗದೆ ಕೂತುಬಿಟ್ಟರು. ಹೀಗೆ ಕೂತು ಒಂಬತ್ತು ಹತ್ತು ಗಂಟೆ ಹೋದರೆ ದಾರಿಯಲ್ಲೇ ಇನ್ನೊಂದು ಸಲ ಹೊಡೆಯಬಹುದು, ತಾನು ಬರೆದುಕೊಡಲಾರೆ ಎಂದರು ಡಾಕ್ಟರು. ಮಲಗಿಸಿ ಕರೆದೊಯ್ಯಬಹುದು, ಜೊತೆಗೆ ಒಬ್ಬ ಡಾಕ್ಟರಿರಬೇಕು.

ಮತ್ತೆ ವಸಂತಿಯ ಹತ್ತಿರ ಬಂದೆವು. ಮಲಗಿಸುವುದಾದರೆ ಬಿಸಿನೆಸ್ ಕ್ಲಾಸಿನಲ್ಲಿ ಅಲ್ಲವಂತೆ. ಹಿಂದುಗಡೆ, ಸಾದಾ ಕ್ಲಾಸಿನ ಸೀಟುಗಳನ್ನು ಮಡಚಿ ಅವುಗಳ ಮೇಲೆ ಸ್ಟ್ರೆಚರ್ ಕಟ್ಟುತ್ತಾರೆ, ಸುತ್ತ ಪರದೆ ಎಳೆಯುತ್ತಾರೆ. ಪರದೆಯೊಳಗಿನ ಸೀಟು ಡಾಕ್ಟರದು. ನನಗೆ ದಾರಿಯ ಆಚೆ. ಆ ಡಾಕ್ಟರು ಬೊಂಬಾಯಿಯವರು. ಅವರಿಗೆ ಕನ್ನಡ ಬರುತ್ತದೆಯೇ ಎಂದು ಕೇಳಿದೆ. ವಸಂತಿ ಭಾವನ ಮುಖ ನೋಡಿದಳು.

ಭಾವ ನನ್ನನ್ನು ಹೊರಗೆ ಕರೆದರು. ಗಾಳಿಗೆ ಪಂಚೆ ಹಿಡಿದುಕೊಂಡೇ ನಿಂತರು. 'ಒಂದು ರಾತ್ರಿ ಅಮ್ಮಣಿ. ಪಲ್ಲು ಕಚ್ಚಿಕೊಂಡು ಹೋಗ್ಬುಡು. ಹೋಗದೆ ಇದ್ರೆ ಏನಾಗುತ್ತೆ ಗೊತ್ತಲ್ಲ?'

ಗೊತ್ತು ಎಂದೆ. ಕಟ್ಟಿ ಮಲಗಿಸಿ, ಪರದೆ ಎಳೆದು, ಕತ್ತಲೆಯಲ್ಲಿ ಇಂಗ್ಲಿಷ್ ಮಾತಾಡುವವರೊಬ್ಬರನ್ನು ಪಕ್ಕ ಕೂರಿಸಿದರೆ ಲಂಡನ್ ಮುಟ್ಟುವ ಹೊತ್ತಿಗೆ ಇವರು ಉಳಿಯುವುದಿಲ್ಲ, ಉಳಿದರೂ ಇವರಾಗಿ ಉಳಿಯುವುದಿಲ್ಲ. ಕಾರಿನಲ್ಲಿ ಒಂದು ಅಡಿ ದೂರ ಕೂತದ್ದಕ್ಕೇ ನಡುಗಿದರು ಎಂದೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು. 'ನಾಳೆ ಅವನಿಗೇನಾದ್ರೂ ಆದ್ರೆ ನನ್ನ ಕೇಳಬೇಡ' ಎಂದರು. ನನ್ನನ್ನೂ ಯಾರೂ ಕೇಳುವುದಿಲ್ಲ, ನಾನೇ ಕೇಳಿಕೊಳ್ಳಬೇಕು ಎಂದೆ. ಒಳಗೆ ಹೋಗಿ ಎರಡೂ ಟಿಕೆಟ್ಟು ರದ್ದು ಮಾಡಿ ಎಂದೆ. ವಸಂತಿ ನಕ್ಷೆಯನ್ನು ಸುತ್ತಿಟ್ಟಳು.

ನಾಲ್ಕು ಗಂಟೆಗೆ ಹಿಂದಿರುಗಲು ಹೊರಟೆವು. ಇವರಿಗೆ ಹೇಳಬೇಕಿತ್ತು. ಡಾಕ್ಟರ ಹತ್ತಿರ, ಆಫೀಸಿನಲ್ಲಿ, ಎಲ್ಲ ಮಾತೂ ತಮಿಳಿನಲ್ಲೇ ನಡೆದಿತ್ತು. ಇವರು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ನೋಡುತ್ತ ಕೂತಿದ್ದರು ಅಷ್ಟೆ. ಅವಿನಾಶಿ ದಾಟಲಿ ಎಂದುಕೊಂಡೆ. ತಿರುಪ್ಪೂರಿನಲ್ಲಿ ಭಾವ ಇಳಿದು, ತಮ್ಮನ ಕೆನ್ನೆ ಸವರಿ, ತಿರುಗಿ ನೋಡದೆ ಒಳಗೆ ಹೋದರು. ಅವರು ಹೋದ ಮೇಲೆ ಹೇಳೋಣ ಎಂದುಕೊಂಡಿದ್ದೆ, ಆಗಲೂ ಆಗಲಿಲ್ಲ. ಕಾಂಗೇಯಂ ದಾಟಿ ದೀಪಗಳು ಮುಗಿದ ಮೇಲೂ ಇವರು ಎಚ್ಚರವಾಗಿದ್ದರು. ನನ್ನ ಕೈ ಇವರ ಕೈಯಲ್ಲೇ ಇತ್ತು.

ಮನೆ ಸೇರಿದಾಗ ಏಳೂವರೆ. ಪಕ್ಕದ ಮನೆಯವರು, ನಮ್ಮ ಮಗ್ಗಗಳಿಗೆ ನೂಲಿನ ತಾರು ಸುತ್ತುವ ಹೆಂಗಸರು, ಎಲ್ಲ ಜಗಲಿಯಲ್ಲಿ ಕಾಯುತ್ತಿದ್ದರು. ಇವರನ್ನು ಕುರ್ಚಿಯಲ್ಲಿ ಕೂರಿಸುವ ಮೊದಲೇ ಕೇಳಿದರು, ಎಂದಿಗೆ ಪ್ರಯಾಣ, ಸೀಟು ಸಿಕ್ಕಿತೇ ಎಂದು. ನಾನು ತಮಿಳಿನಲ್ಲಿ ಹೇಳಿದೆ. ಸೀಟು ಸಿಕ್ಕಿದ್ದು, ಡಾಕ್ಟರು ಬರೆದುಕೊಡದಿದ್ದದ್ದು, ಪರದೆ, ಟಿಕೆಟ್ಟು ರದ್ದಾದದ್ದು, ಏನನ್ನೂ ಬಿಡದೆ ಹೇಳಿದೆ. ಒಬ್ಬಾಕೆ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಒಬ್ಬೊಬ್ಬರಾಗಿ ಇಳಿದು ಹೋದರು.

ಇವರು ಅವರನ್ನೆಲ್ಲ ನೋಡಿ ಮುಗಿಸಿ, ಇನ್ನು ತಮ್ಮ ಸರದಿ ಎಂಬಂತೆ, ನನ್ನ ಕಡೆ ತಿರುಗಿ ಕಾಯುತ್ತ ಕೂತರು. ನಾನು ಬಗ್ಗಿ ಚಪ್ಪಲಿ ಬಿಡಿಸಿದೆ. ಊದಿದ ಕಾಲನ್ನು ಮಣೆಯ ಮೇಲಿಟ್ಟೆ. ಇವರು ಕಾಯುತ್ತಲೇ ಇದ್ದರು. 'ಗಂಜಿ ಬಿಸಿ ಮಾಡ್ತೀನಿ' ಎಂದು ಹೇಳಿ ಒಳಗೆ ಹೋದೆ.