ಅಪ್ಪನ ದುಭಾಷಿ

ನಮ್ಮ ಮೇಡಂ ನಕ್ಕರೆ ಮೊದಲು ಕೆಂಪಾಗುತ್ತಿದ್ದದ್ದು ಅವರ ಕಿವಿ. ಆರಡಿ ಎತ್ತರ, ಗಂಡಸರಂತೆ ಕತ್ತರಿಸಿದ ಗೋಧಿಬಣ್ಣದ ಕೂದಲು, ಅದರಿಂದ ಆಚೆಗೆ ಚಾಚಿಕೊಂಡ ಎರಡು ದೊಡ್ಡ ಕಿವಿ. ಸಿಟ್ಟು ಬಂದಾಗ ಕಿವಿ ಹಾಗೇ ಇದ್ದು ಕುತ್ತಿಗೆ ಕೆಂಪೇರುತ್ತಿತ್ತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಆ ಲ್ಯಾಬಿನಲ್ಲಿ ನಾವೆಲ್ಲ ಕೆಲಸ ಕಲಿತದ್ದೇ ಈ ಎರಡು ಗುರುತು ನೋಡಿಕೊಂಡು.

ಎಂಬತ್ತರ ದಶಕದ ಮೊದಲಲ್ಲಿ ನಾನು ಧಾರವಾಡದಿಂದ ಹೋಗಿ ಅವರ ಕೈಕೆಳಗೆ ಸೇರಿದೆ. ಉಳಿದವರೆಲ್ಲ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನಗೆ ನಾಲಿಗೆ ಏಳಲಿಲ್ಲ. "ಮೇಡಂ ಅಂದ್ರೆ ರಾಣೀನ ಕರೆದ ಹಾಗಿದೆ. ಹಾಗೇ ಕರೀತಿರು" ಎಂದು ನಕ್ಕಿದ್ದರು.

ಅವರು ದಕ್ಷಿಣ ಆಫ್ರಿಕಾದವರು. ಡಚ್ಚರ ವಂಶದ ಬಿಳಿಯ ಒಕ್ಕಲು ಜನ, ಆಫ್ರಿಕಾನರ್. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಜೀವಕೋಶಗಳನ್ನು ಎಣಿಸುವಾಗ ತಮ್ಮ ಆಫ್ರಿಕಾನ್ಸ್ ಭಾಷೆಯಲ್ಲೇ ಎಣಿಸುತ್ತಿದ್ದರು. ಕೆಟ್ಟ ಯಂತ್ರಕ್ಕೆ ಬೈಗುಳವೂ ಅದರಲ್ಲೇ. ನಾನು ಮನೆಯವರಿಗೆ ಫೋನು ಮಾಡಿದಾಗ ಕನ್ನಡವನ್ನು ತಗ್ಗಿದ ದನಿಯಲ್ಲಿ ಆಡುವುದನ್ನು ಒಮ್ಮೆ ಕೇಳಿಸಿಕೊಂಡರು. "ಯಾಕೆ ಪಿಸುಗುಡ್ತೀಯ? ಕದ್ದು ತಂದ ಭಾಷೇನಾ ಅದು? ಜೋರಾಗಿ ಮಾತಾಡು!" ಕುತ್ತಿಗೆ ಕೆಂಪಾಗಿತ್ತು. ಅಂದಿನಿಂದ ನಾನು ಗಟ್ಟಿಯಾಗಿ ಮಾತಾಡಿದೆ.

ಆಗ ಅವರ ದೇಶದಲ್ಲಿ ಕರಿಯರಿಗೆ ಓಟಿರಲಿಲ್ಲ. ಯಾರು ಎಲ್ಲಿ ಮನೆ ಕಟ್ಟಬೇಕೆಂಬುದನ್ನೂ ಮೈಬಣ್ಣವೇ ತೀರ್ಮಾನಿಸುತ್ತಿತ್ತು. ಆಳುತ್ತಿದ್ದ ಬಿಳಿಯರ ಸರ್ಕಾರ ಒಂದಿಷ್ಟು ಸಡಿಲ ಮಾಡುವ ಮಾತೆತ್ತಿದ್ದೇ ತಡ, ಅದೂ ಕೂಡದು ಎಂದು ಸಿಡಿದು ಹೋದ ಸಣ್ಣ ಪಕ್ಷವೊಂದಿತ್ತು. ಆಫ್ರಿಕಾನರ್ ಜನರ ಹಿತಕ್ಕೆಂದೇ ಹುಟ್ಟಿದ ಆ ಪಕ್ಷದ ಮುಂದಾಳುಗಳಲ್ಲಿ ಒಬ್ಬರು ನಮ್ಮ ಮೇಡಂ ಅವರ ತಂದೆ.

ಈ ಸಂಗತಿ ನನಗೆ ತಿಳಿದದ್ದು ಆ ತಂದೆ ಅಮೆರಿಕೆಗೆ ಬಂದಾಗ. ಸ್ಯಾನ್ ಮಟಿಯೋದ ಚರ್ಚೊಂದರ ಹಾಲಿನಲ್ಲಿ, ಬೇ ಏರಿಯಾದಲ್ಲಿ ನೆಲೆಸಿದ ತಮ್ಮವರ ಮುಂದೆ ಅವರ ಭಾಷಣವಿತ್ತು. ಇಲ್ಲೇ ಹುಟ್ಟಿದ ಮಕ್ಕಳಿಗೆ ಆಫ್ರಿಕಾನ್ಸ್ ಬಾರದು; ಮುದುಕ ತಂದೆಗೆ ವೇದಿಕೆಯ ಮೇಲೆ ಇಂಗ್ಲಿಷ್ ಆಡುವುದಿಲ್ಲವೆಂಬ ಹಠ. ಹಾಗಾಗಿ ಮಗಳೇ ದುಭಾಷಿ.

"ನೀನೂ ಬಾ. ಆ ಹಾಲಲ್ಲಿ ನೋಡೋಕೆ ನಂಗೊಂದು ಮುಖ ಬೇಕು" ಎಂದರು ಮೇಡಂ.

ನಾನೂ ನಮ್ಮ ಮನೆಯವರೂ ಯೂನಿಯನ್ ಸಿಟಿಯಿಂದ ಸೇತುವೆ ದಾಟಿ ಹೋದೆವು. ನನ್ನ ಸೀರೆಯನ್ನು ಎಲ್ಲರೂ ತಿರುಗಿ ತಿರುಗಿ ನೋಡಿದರು. ನಾವು ಹಿಂದಿನ ಸಾಲಿನಲ್ಲಿ ಕೂತೆವು.

ತಂದೆಯದೂ ಮಗಳಷ್ಟೇ ಎತ್ತರ. ಅವರು ಒಂದು ಮಾತು ಹೇಳುವರು, ಇವರು ಇಂಗ್ಲಿಷಿಗೆ ತಿರುಗಿಸುವರು. "ನಾವು ಸಣ್ಣ ಜನ. ಎಲ್ಲರಿಗೂ ಓಟು ಕೊಟ್ಟ ದಿನ ನಮ್ಮ ಭಾಷೆ ಸಾಯುತ್ತದೆ. ನಮ್ಮ ಮಕ್ಕಳು ತಮ್ಮ ನೆಲದಲ್ಲೇ ಬರೀ ಅತಿಥಿಗಳಾಗುತ್ತಾರೆ." ಮೇಡಂ ಒಂದು ಪದವನ್ನೂ ಮೆತ್ತಗೆ ಮಾಡಲಿಲ್ಲ. ತಂದೆಯ ನಗೆಚಾಟಿಕೆಯನ್ನೂ ನಗು ಬರುವ ಹಾಗೆಯೇ ಹೇಳಿದರು. ಭಾಷೆ ಸಾಯುತ್ತದೆ ಎಂದಾಗ ಆ ಮಾತು ನನಗೂ ತಟ್ಟಿತು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳು ನಮ್ಮ ಮನೆಯಲ್ಲೂ ಇದ್ದಳು.

ಚಪ್ಪಾಳೆ ನಿಂತ ಮೇಲೆ ಮೇಡಂ ಮೈಕು ಬಿಡಲಿಲ್ಲ.

"ಅಪ್ಪನ ಮಾತು ಮುಗೀತು. ನಾನು ಏನನ್ನೂ ಬಿಟ್ಟಿಲ್ಲ. ಈಗ ನನ್ನದು ಸ್ವಲ್ಪ."

ಮೊದಲು ತಂದೆಯ ಕಡೆ ತಿರುಗಿ ಆಫ್ರಿಕಾನ್ಸಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. "ನಮ್ಮೂರಲ್ಲಿ ನಮ್ಮ ಬೇಲಿಯಾಚೆ ಒಂದು ಮನೆ ಇತ್ತು. ಅವರ ಮೈಬಣ್ಣ ಕಂದು. ಆದ್ರೆ ಆಡ್ತಿದ್ದದ್ದು ನಮ್ಮ ಭಾಷೇನೇ, ಪ್ರಾರ್ಥನೇನೂ ಅದರಲ್ಲೇ. ಆ ಮನೆ ಹುಡುಗಿ ನನ್ನ ಗೆಳತಿ. ಇದು ಬಿಳಿಯರ ಬೀದಿ ಅಂತ ಒಂದು ದಿನ ಅವರನ್ನ ಲಾರಿಗೆ ಹತ್ತಿಸಿದರು. ಅವಳ ತಾಯಿ ಲಾರಿ ಮೇಲೆ ನಿಂತು ನಮ್ಮನ್ನೆಲ್ಲ ಬೈದಳು. ನಮ್ಮ ಭಾಷೆಗೆ ಅಷ್ಟು ಕಸುವು ಇದೆ ಅಂತ ನಂಗೆ ಗೊತ್ತಾಗಿದ್ದೇ ಆವತ್ತು. ಅಪ್ಪ, ನೀವು ಜಗಲಿ ಮೇಲೆ ನಿಂತು ನೋಡ್ತಿದ್ರಿ. ಈ ಭಾಷೆ ಉಳೀಬೇಕು ಅಂತ ನಂಗೂ ಆಸೆ. ಅದನ್ನ ಆಡೋ ಜನರನ್ನೇ ಓಡಿಸಿ, ಯಾರಿಗೋಸ್ಕರ ಉಳಿಸ್ತೀರಿ?"

ಮುದುಕರು ಟೋಪಿ ತೆಗೆದುಕೊಂಡು ಇಳಿದು ಹೋದರು. ಮಗಳ ಮನೆಯಲ್ಲಿದ್ದ ಅವರ ಪೆಟ್ಟಿಗೆಯನ್ನು ಮರುದಿನ ಬೇರೆ ಯಾರೋ ಬಂದು ಒಯ್ದರಂತೆ.

ಹಿಂದಿರುಗುವಾಗ ನಮ್ಮ ಮನೆಯವರು ಕಾರು ನಡೆಸುತ್ತ ಹೇಳಿದರು: "ಅಪ್ಪನ ಎದುರಿಗೆ ಹಂಗ ಮಾತಾಡೂದು ದೊಡ್ಡದಽ. ಆದ್ರ ಅದಕ್ಕಿಂತ ಮೊದಲ ಅವರ ಮಾತು ಪೂರ್ತಿ, ಇದ್ದಂಗ ಹೇಳಿದ್ರಲ್ಲಾ, ಅದು ಇನ್ನೂ ದೊಡ್ಡದು ನೋಡು."

ಸೋಮವಾರ ಮೇಡಂ ಎಂದಿನಂತೆ ಕೆಲಸಕ್ಕೆ ಬಂದರು. ಕಷ್ಟವಾಯಿತೇ ಎಂದು ಕೇಳಿದೆ. "ಅನುವಾದ ಕಷ್ಟ ಆಯ್ತು. ನನ್ನ ಮಾತು ಸಲೀಸು" ಎಂದರು. ಆ ಲ್ಯಾಬಿನಲ್ಲಿ ಅವರ ಜೊತೆ ಕೆಲಸ ಮಾಡುತ್ತೇನೆಂದು ಹೇಳಿಕೊಳ್ಳುವಾಗ ಅಂದಿನಿಂದ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಭಾನುವಾರ ಭಾನುವಾರ ಅವರು ತಂದೆಗೆ ಫೋನು ಮಾಡುವುದನ್ನು ಬಿಡಲಿಲ್ಲ. ಮೊದಮೊದಲು ಮುದುಕರು ದನಿ ಕೇಳಿದೊಡನೆ ಇಟ್ಟುಬಿಡುತ್ತಿದ್ದರು. ಆಮೇಲೆ ಮಳೆ, ಕುರಿ ಇಷ್ಟರ ಬಗ್ಗೆ ಮಾತು ಶುರುವಾಯಿತು. ಒಂದು ಚುನಾವಣೆಯಲ್ಲಿ ಅವರು ಸೋತರು. ಸುದ್ದಿ ತಿಳಿದ ದಿನ ಊಟದ ಹೊತ್ತಿನಲ್ಲಿ ಮೇಡಂ ಸ್ಯಾಂಡ್‌ವಿಚ್ಚು ಬಿಚ್ಚದೆ ಕೂತಿದ್ದರು. "ಸೋಲಲಿ ಅಂತ ನಾನೇ ಬೇಡಿಕೊಂಡಿದ್ದೆ. ಅಮ್ಮ ಇಲ್ಲ ಈಗ. ಸೋತು ಮನೆಗೆ ಬಂದಾಗ ಅವರಿಗೆ ಒಂದು ಕಾಫಿ ಮಾಡಿಕೊಟ್ಟೋರು ಯಾರೋ" ಎಂದು ಅತ್ತರು.

ದಶಕ ಮುಗಿಯುವ ಮೊದಲೇ ಕ್ಯಾನ್ಸರು ಮೇಡಂ ಅವರನ್ನು ಕೊಂಡೊಯ್ದಿತು. ಅವರ ದೇಶದಲ್ಲಿ ಎಲ್ಲರೂ ಓಟು ಹಾಕಿದ್ದನ್ನು ಅವರು ನೋಡಲಿಲ್ಲ.

ಅಂತ್ಯಕ್ರಿಯೆಯ ಪ್ರಾರ್ಥನೆಗೆ ತಂದೆ ಬಂದಿದ್ದರು. ಪ್ರಾರ್ಥನೆ ಮುಗಿದ ಮೇಲೆ ನನ್ನ ಬಳಿ ಬಂದು ಕೂತರು. "ಆವತ್ತು ಹಿಂದಿನ ಸಾಲಲ್ಲಿ ಕೂತಿದ್ದೋಳು ನೀನೇ ಅಲ್ವಾ?" ಎಂದು ಕೇಳಿದರು. ಹೌದೆಂದೆ.

"ಅವಳ ಮಾತನ್ನ ನಾನು ಒಪ್ಪಿಲ್ಲ." ಎಂದರು ಮುದುಕರು. "ಆದ್ರೆ ಆ ದಿನ ನಮ್ಮ ಭಾಷೇನ ನನಗಿಂತ ಚೆನ್ನಾಗಿ ಆಡಿದ್ದು ಅವಳೇ."

ಆಮೇಲೆ ಎದ್ದು ಕೋಟು ಸರಿಪಡಿಸಿಕೊಂಡರು. ಬಾಗಿಲ ಬಳಿ ನಿಂತಿದ್ದ ನಮ್ಮ ಲ್ಯಾಬಿನವರ ಹತ್ತಿರ ಹೋಗಿ, ಚೀನೀ, ಕರಿಯ, ಹಿಂದೂಸ್ತಾನಿ ಎನ್ನದೆ ಒಬ್ಬೊಬ್ಬರಿಗೂ ಕೈ ಚಾಚಿ, "ನಾನು ಅವಳ ತಂದೆ" ಎಂದು ಪರಿಚಯ ಹೇಳಿಕೊಂಡರು.