ಗೊಂಬೆ ಬೀರುವಿಗೆ ಹೊದಿಸಿದ ಕಂಬಳಿ

೧೦ ಮಾರ್ಚ್ ೧೯೬೮, ಭಾನುವಾರ, ಬೆಳಿಗ್ಗೆ ಆರೂವರೆ. ಜಯನಗರ.

ಅವರ ಬಲಗಿವಿಯ ಹಿಂದೆ ಒಂದು ಸಣ್ಣ ಗುಳಿ ಇತ್ತು. ಮೂವತ್ತೆರಡು ವರ್ಷ ತಂತಿ ಕಚೇರಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡು ಆದ ಗುಳಿ. ನಿವೃತ್ತರಾದ ಮೇಲೂ ಒಂದು ಮೋಟು ಪೆನ್ಸಿಲ್ ಅಲ್ಲೇ ಇರುತ್ತಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆದು ಕಿಟಕಿಯ ಮೇಲಿಡುತ್ತಿದ್ದರು. ತಂತಿಯಲ್ಲಿ ಬರುವ ಕಟಕಟ ಸದ್ದನ್ನು ಕೇಳಿ ಅಕ್ಷರ ಮಾಡುವುದು ಅವರ ಉದ್ಯೋಗವಾಗಿತ್ತು. ಕಿವಿಯೇ ಅವರ ಅನ್ನ, ಕಿವಿಯೇ ಅವರ ಜಂಬ.

ನಮಗೆ ಅವರು ನೆಂಟರೇನಲ್ಲ. ಎದುರು ಮನೆಯವರು. ಬೀದಿಯವರೆಲ್ಲ ರೇಡಿಯೋ ಮಾವ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರ ಹೆಂಡತಿ ಅತ್ತೆಯಾದರು. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ರೇಡಿಯೋದಲ್ಲಿ ಸಂಗೀತ ಕಚೇರಿ ಬಂದರೆ ಅವರ ನಡುಮನೆಯಲ್ಲಿ ಆರೇಳು ಜನ ಸೇರುತ್ತಿದ್ದೆವು. ನಾನು ಆಗತಾನೆ ಶಾಲೆಯಲ್ಲಿ ಟೀಚರಾಗಿ ಸೇರಿದ್ದೆ. ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ನನ್ನ ಚಾಳಿಯನ್ನು ಕಂಡು ಮನೆಯಲ್ಲಿ ನಗುತ್ತಿದ್ದರು. ಅದನ್ನು ಕೆಲಸಕ್ಕೆ ಹಚ್ಚಿದವರು ಮಾವ ಒಬ್ಬರೇ.

ಆ ಕೋಣೆಯ ತೊಂದರೆ ಒಂದೇ. ರೇಡಿಯೋದ ಎದುರು ಗೋಡೆಗೆ ಅತ್ತೆಯ ಗೊಂಬೆ ಬೀರು ಇತ್ತು, ಆಳೆತ್ತರ, ಎರಡು ದೊಡ್ಡ ಗಾಜಿನ ಬಾಗಿಲು. ಪಿಟೀಲು ಮೇಲಿನ ಸ್ವರಕ್ಕೆ ಹೋದರೆ ಸದ್ದು ಆ ಗಾಜಿಗೆ ಹೊಡೆದು ತಿರುಗಿ ಬಂದು, ಹಿತ್ತಾಳೆ ತಟ್ಟೆ ಜಾರಿಬಿದ್ದ ಹಾಗೆ ಗುಂಯ್ ಎನ್ನುತ್ತಿತ್ತು. ಬೀರುವನ್ನು ಬೇರೆ ಕೋಣೆಗೆ ಸಾಗಿಸುವ ಹಾಗಿರಲಿಲ್ಲ. ಅದು ಅತ್ತೆಯ ತವರಿನದು, ಮೇಲಾಗಿ ಒಳಗಿನ ಬಾಗಿಲುಗಳಲ್ಲಿ ಹಿಡಿಸುತ್ತಿರಲಿಲ್ಲ.

೨ ಜೂನ್ ೧೯೬೩ರಂದು ಪರೀಕ್ಷೆ ಶುರುವಾಯಿತು. ಅವರು ರೇಡಿಯೋ ಪಕ್ಕ ನಿಂತು ಚಪ್ಪಾಳೆ ತಟ್ಟುವುದು, ನಾನು ಕೋಣೆಯ ಒಂದೊಂದು ಕಡೆ ಕೂತು 'ಸ್ಪಷ್ಟ' ಅಥವಾ 'ಗುಂಯ್' ಎಂದು ಗೀಟು ಹಾಕುವುದು. ಅತ್ತೆಯ ಹಳೆಯ ಸೀರೆಯನ್ನು ಗಾಜಿನ ಮುಂದೆ ಇಳಿಬಿಟ್ಟರೆ ಏನೂ ಆಗಲಿಲ್ಲ. ಜಮಖಾನಕ್ಕೆ ಅರ್ಧ ಇಳಿಯಿತು. ಕೊನೆಗೆ ಅವರು ತಲಘಟ್ಟಪುರದ ಕಡೆಯ ಕುರುಬರೊಬ್ಬರಿಂದ ದಪ್ಪನೆಯ ಕರಿ ಕಂಬಳಿ ತಂದರು. ಗಾಜಿಗೆ ಅಂಟಿದಂತೆ ಹಾಕಿದಾಗ ಅಷ್ಟಕ್ಕಷ್ಟೆ. ನಾಲ್ಕು ಬೆರಳು ಜಾಗ ಬಿಟ್ಟು ಕೋಲಿನ ಮೇಲೆ ಎರಡು ಮಡಿಕೆಯಾಗಿ ಇಳಿಬಿಟ್ಟಾಗ ಕೋಣೆ ಸುಮ್ಮನಾಯಿತು.

ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದರು. "ಗೊಂಬೆಗಳಿಗೆ ಚಳಿ ಜ್ವರಾನಾ? ಕಷಾಯಾನೂ ಮಾಡ್ಲಾ?" ಎಂದರು. ಆದರೂ ಪ್ರತಿ ಭಾನುವಾರ ಎಂಟೂವರೆಗೆ ಆ ಕಂಬಳಿ ಹಾಕುವವರು ಅವರೇ ಆದರು.

ಸಂಗೀತ ಮುಗಿದ ಮೇಲೆ, ಬಂದವರೆಲ್ಲ ಸದ್ದು ಹೇಗೆ ಕೇಳಿಸಿತೆಂದು ಒಂದೊಂದು ಮಾತು ಹೇಳಬೇಕು, ನಾನು ಲೆಕ್ಕ ಬರೆಯಬೇಕು, ಸಂಜೆ ಅವರು ಪುಸ್ತಕ ನೋಡಿ ಪೆನ್ಸಿಲಿನಲ್ಲಿ ಸಣ್ಣ ರುಜು ಹಾಕಬೇಕು. ತಂತಿ ಕಚೇರಿಯ ಪದ್ಧತಿ. ಒಮ್ಮೆ ಯಾರೋ ಅನುಮಾನಿಸುತ್ತ ಹೇಳಿದ್ದನ್ನು ನಾನು 'ಸ್ಪಷ್ಟ' ಎಂದು ಬರೆದುಬಿಟ್ಟಿದ್ದೆ. ಅವರು ಅದನ್ನು ಹೊಡೆದುಹಾಕಿ ಹೇಳಿದರು: "ಬಂದಿದ್ದನ್ನ ಬರಿಯಮ್ಮ. ಬರಬೇಕಾಗಿದ್ದನ್ನ ಬರೀಬೇಡ. ಹಾಗೆ ಬರೆದವರು ನಮ್ಮಲ್ಲಿ ಸತ್ತವರನ್ನ ಸುಖವಾಗಿದಾರೆ ಅಂತ ಕಳಿಸಿದ್ರು."

ಎಪ್ಪತ್ತೊಂದನೆಯ ಭಾನುವಾರ ೪ ಅಕ್ಟೋಬರ್ ೧೯೬೪. ನವರಾತ್ರಿಗೆ ಎರಡು ದಿನವಿತ್ತು. ಅತ್ತೆ ಹಿಂದಿನ ದಿನವೇ ಗೊಂಬೆಗಳನ್ನು ಕೆಳಗಿಳಿಸಿ, ಕಂಬಳಿಯನ್ನು ಒಗೆದು ಮಾಳಿಗೆಯ ಮೇಲೆ ಒಣಹಾಕಿ, ಬೆಳಿಗ್ಗೆ ಬಣ್ಣದ ಕಾಗದ ತರಲು ಗಾಂಧಿಬಜಾರಿಗೆ ಹೋಗಿದ್ದರು. ಮಾವ ಪೂಜೆ ಮುಗಿಸಿ ನೇರ ಬಂದು, ಎಂದಿನಂತೆ ಬೀರುವಿಗೆ ಬೆನ್ನು ಮಾಡಿ ಕೂತು ಕಣ್ಣು ಮುಚ್ಚಿದರು. ನಾನು ಬರುವಾಗ ಐದು ನಿಮಿಷ ತಡವಾಗಿತ್ತು. ಬರಿಯ ಗಾಜು. ಖಾಲಿ ಬೀರು ಬೇರೆ. ಪಿಟೀಲು ಕಿವಿಗೆ ಕಡ್ಡಿ ಹಾಕಿದಂತೆ ಚುಚ್ಚುತ್ತಿತ್ತು. ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರು ಮಾತ್ರ ತೊಡೆಯ ಮೇಲೆ ನೆಮ್ಮದಿಯಾಗಿ ತಾಳ ಹಾಕುತ್ತಿದ್ದರು.

ಮುಗಿದ ಮೇಲೆ ಅವರೇ ಮೊದಲು, "ಸ್ಪಷ್ಟ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರ್ಲಿಲ್ಲ ನೋಡಿ" ಎಂದರು. ಉಳಿದವರೂ ಸ್ಪಷ್ಟ, ಸ್ಪಷ್ಟ ಎಂದು ಎದ್ದರು. ಗೇಟಿನ ಹೊರಗೆ ನಾನು ಮತ್ತೆ ಕೇಳಿದಾಗ ಎಲ್ಲರೂ ಗುಂಯ್ ಎಂದೇ ಒಪ್ಪಿಕೊಂಡರು. ನಿವೃತ್ತ ಹೆಡ್‌ಮಾಸ್ಟರರೊಬ್ಬರು ದನಿ ತಗ್ಗಿಸಿದರು: "ಬಳೆ ಅಂಗಡೀಲಿ ಕೂತಂಗಿತ್ತಮ್ಮ. ಆದ್ರೆ ಆ ಮುಖ ನೋಡ್ಕೊಂಡು ಯಾರು ಹೇಳ್ತಾರೆ?"

ಮನೆಗೆ ಬಂದು ಬರೆದೆ: ಕಂಬಳಿ ಇಲ್ಲ. ಗುಂಯ್ ಆರು, ಸ್ಪಷ್ಟ ಒಂದು.

ಆ ಪುಟವನ್ನು ಹರಿಯಬಹುದಿತ್ತು. ಪುಸ್ತಕ ಮರೆತೆ ಎನ್ನಬಹುದಿತ್ತು. ಸಂಜೆ ಐದಕ್ಕೆ ಒಯ್ದು ಕೊಟ್ಟೆ. ಅವರು ಓದಿದರು. ತಿರುಗಿ ಬೀರುವನ್ನು ನೋಡಿದರು. ಮತ್ತೊಮ್ಮೆ ಓದಿದರು. ಎದ್ದು ಹೋಗಿ ಗಾಜಿನ ಮೇಲೆ ಉಗುರಿನಿಂದ ಟಕಟಕ ಎಂದು ತಟ್ಟಿ, ಕಿವಿ ಹತ್ತಿರ ಹಿಡಿದು ಕೇಳಿದರು.

"ಕಂಬಳಿ ಗಾಜಿಗೆ ಅಂತ ತಂದೆ," ಎಂದರು. "ಅದು ನನ್ನ ಕಿವಿ ಮೇಲೆ ಬಿದ್ದಿರೋದು ಗೊತ್ತಾಗ್ಲಿಲ್ಲ."

ನಾನು ತಪ್ಪಾಯಿತು ಎಂದೆ. ಅವರು ಕಿವಿಯಿಂದ ಪೆನ್ಸಿಲ್ ತೆಗೆದರು. "ಯಾಕೆ? ಬಂದಿದ್ದನ್ನೇ ಬರೆದಿದೀಯ." ಎಂದಿನ ಜಾಗದಲ್ಲಿ ರುಜು ಹಾಕಿ ಪುಸ್ತಕ ವಾಪಸು ಕೊಟ್ಟರು. ಅಕ್ಷರ ಅಲುಗಿರಲಿಲ್ಲ.

ಆಮೇಲೆ ಮೂರು ಭಾನುವಾರ ನಾನು ಹೋಗಲಿಲ್ಲ. ಶಾಲೆಯ ಕೆಲಸ ಎಂದು ಮನೆಯಲ್ಲಿ ಹೇಳಿದೆ. ಕೆಲಸವೇನೂ ಇರಲಿಲ್ಲ, ಎದುರು ಮನೆಯ ಮೆಟ್ಟಿಲು ಹತ್ತಲು ಕಾಲು ಬರಲಿಲ್ಲ. ನವೆಂಬರ್ ಒಂದರಂದು ಅತ್ತೆಯೇ ಬಂದು ಕರೆದರು. ಹೋದರೆ ಕಂಬಳಿ ಅದರ ಜಾಗದಲ್ಲಿತ್ತು. ಮಾವ ಕುರ್ಚಿ ತಿರುಗಿಸಿಕೊಂಡಿದ್ದರು. ಈಗ ರೇಡಿಯೋ ಅವರ ಬೆನ್ನಿಗೆ, ನಾವು ಅವರ ಎದುರಿಗೆ. ಕಣ್ಣು ಮುಚ್ಚದೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ಮುಗಿದ ಮೇಲೆ ನನ್ನನ್ನು ಕೇಳಿದರು, ಹೇಗಿತ್ತು ಎಂದು. ಸ್ಪಷ್ಟ ಎಂದೆ. "ಬರಿ" ಎಂದರು. ಅಂದಿನಿಂದ ಲೆಕ್ಕದಲ್ಲಿ ತಮ್ಮನ್ನು ಸೇರಿಸಲು ಬಿಡಲಿಲ್ಲ.

ಅವರು ತೀರಿಕೊಂಡಿದ್ದು ೧೯೬೬ರ ಮೇ ತಿಂಗಳಲ್ಲಿ. ಮೋಟು ಪೆನ್ಸಿಲನ್ನು ಅತ್ತೆ ನನಗೆ ಕೊಟ್ಟರು. ಇದನ್ನು ಅದರಲ್ಲೇ ಬರೆಯುತ್ತಿದ್ದೇನೆ. ನಿಜ ಬರೆಯಲು ಕಲಿಸಿದ್ದು ಅವರು. ಅದರ ಭಾರ ಹೊತ್ತು ದಣಿದಾಗ ಏನು ಮಾಡಬೇಕೆಂದು ಕೇಳಬೇಕಿತ್ತು, ಕೇಳಲಿಲ್ಲ.

ನನ್ನ ಪುಸ್ತಕದಲ್ಲಿ ೧೯೬೪ರ ಅಕ್ಟೋಬರ್ ೧೧, ೧೮, ೨೫, ಈ ಮೂರು ಸಾಲುಗಳು ಖಾಲಿ ಇವೆ. ಅತ್ತೆಯನ್ನು ಕೇಳಿದರೆ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗುತ್ತಾರೆ. ಆ ಭಾನುವಾರಗಳಲ್ಲಿ ಆ ಕೋಣೆಯಲ್ಲಿ ಕೂತಿದ್ದವರು ಯಾರಾದರೂ ಇದನ್ನು ಓದಿದರೆ ಒಂದು ಕಾರ್ಡು ಬರೆಯಿರಿ. ರೇಡಿಯೋ ಹಾಕಿದ್ದರೇ? ಕುರ್ಚಿ ತಿರುಗಿಸಿದ್ದು ಯಾವ ದಿನ? ನನ್ನನ್ನು ಕೇಳಿದರೇ? ನನಗೆ ಬೇಸರವಾಗುತ್ತದೆಂದು ತಿದ್ದಬೇಡಿ. ಬಂದದ್ದನ್ನೇ ಬರೆಯಿರಿ.