ಮೊಳೆಗೆ ಬಿದ್ದ ಕತ್ತಿ

ಸತೇಶ್ವರಿಗೆ ಸೌದೆ ಕಡಿಯುವುದನ್ನು ಕಲಿಸಲು ಒಬ್ಬ ಸಾಹೇಬ ಬಂದನಲ್ಲ, ಅವನ ಧೈರ್ಯವನ್ನು ಮೆಚ್ಚಲೇಬೇಕು. ಅಜ್ಜಿಗೆ ಕೆಮ್ಮು ಕಲಿಸುವುದೆಂದರೆ ಇದೇ. ಹಿಮಾಲಯದ ಗಢವಾಲದ ಸಿಲ್ಡುಂಗಿಯಲ್ಲಿ ನಲವತ್ತು ವರ್ಷ ಬಾಂಜ್ ಎಂಬ ಓಕ್ ಮರಗಳನ್ನು ಹತ್ತಿ ಇಳಿದ ಹೆಂಗಸು ಅವಳು. ಆ ಊರಿಗೆ ಸೊಸೆಯಾಗಿ ಬಂದವರೆಲ್ಲ ಅವಳ ಬೈಗುಳ ತಿಂದೇ ಸೌದೆ ಕಲಿತವರು.

"ತುದಿ ಮುಟ್ಬೇಡ್ವೇ, ತುದಿ ಹೋದ್ರೆ ಮರ ಕುಳ್ಳಾಗುತ್ತೆ. ಒಂದು ಕೊಂಬೆ ನಿಂಗೆ, ಪಕ್ಕದ್ದು ಮರಕ್ಕೆ. ಮೊದಲ ಏಟು ಕೊಂಬೆ ಹೊಟ್ಟೆಗೆ, ಆಮೇಲೆ ಬೆನ್ನಿಗೆ. ಇಲ್ದಿದ್ರೆ ಸಿಪ್ಪೆ ಸುಲ್ಕೊಂಡು ಬರುತ್ತೆ. ನಿನ್ನ ಚರ್ಮ ಹಂಗೆ ಸುಲಿದ್ರೆ ಸುಮ್ನಿರ್ತೀಯಾ?"

ಒಮ್ಮೆ ಕಡಿದ ಮರದ ಹತ್ತಿರ ಮೂರು ವರ್ಷ ಯಾರೂ ಸುಳಿಯುವಂತಿರಲಿಲ್ಲ. ಫಾಲ್ಗುಣ ಮುಗಿದು ಬಾಂಜ್ ಚಿಗುರಿತೆಂದರೆ ಕಾಡಿಗೇ ಬಾಗಿಲು ಹಾಕಿದಂತೆ. ಆಮೇಲೆ ಒಣಗಿ ಬಿದ್ದದ್ದನ್ನು ಆರಿಸಬಹುದು, ಅಷ್ಟೇ. ತಪ್ಪಿದವರ ಕತ್ತಿ ಪಂಚಾಯಿತಿ ಕೋಣೆಯ ಮೊಳೆಗೆ ಹೋಗುತ್ತಿತ್ತು. ಮರದ ಗಾಯವನ್ನು ಸಿಪ್ಪೆ ಪೂರ್ತಿ ಮುಚ್ಚುವವರೆಗೂ ಅದು ಅಲ್ಲೇ. ಬಿಡಿಸಿಕೊಳ್ಳುವ ದಿನ ತಪ್ಪು ಮಾಡಿದವರು ಊರ ಮುಂದೆ ನಿಂತು ಯಾವ ಮರ, ಯಾವ ಕೊಂಬೆ, ಯಾರ ಕೈ ಎಂದು ಹೇಳಬೇಕು. ಈ ಕಟ್ಟಳೆಯನ್ನು ಹಟ ಹಿಡಿದು ತಂದವಳು ಸತೇಶ್ವರಿಯೇ. ಮೊದಲು ಮೊಳೆಗೆ ಬಿದ್ದದ್ದು ಅವಳ ಸ್ವಂತ ಓರಗಿತ್ತಿಯ ಕತ್ತಿ. ಓರಗಿತ್ತಿ ಎರಡು ವರ್ಷ ಮಾತು ಬಿಟ್ಟಳು, ಸತೇಶ್ವರಿ ಕಟ್ಟಳೆ ಬಿಡಲಿಲ್ಲ. ಅವಳ ಕತ್ತಿ ಮಾತ್ರ ಒಂದು ದಿನವೂ ಆ ಗೋಡೆ ಕಂಡಿರಲಿಲ್ಲ.

ಸಾಹೇಬ ಬಂದದ್ದು ಚೈತ್ರದಲ್ಲಿ. ಸಕ್ಸೇನಾ ಎಂದು ಹೆಸರು. ಯಾವುದೋ ಸಂಸ್ಥೆಯ ತರಬೇತಿ. ಹೆಂಗಸರನ್ನೆಲ್ಲ ಕಾಡಿನ ಅಂಚಿಗೆ ಕರೆಸಿ, ಸೌದೆಯನ್ನು ಹೇಗೆ ಕಡಿಯಬೇಕು, ಹೇಗೆ ಹೊರೆ ಕಟ್ಟಬೇಕು ಎಂದು ಒಂದು ಗಂಟೆ ಮಾತಾಡಿದ. ತಲೆಯ ಮೇಲೆ ಹೊರೆ ಹೊತ್ತು ಕುತ್ತಿಗೆ ಸವೆಸಿಕೊಂಡವರು ಅದನ್ನೆಲ್ಲ ಕೈಕಟ್ಟಿ ಕೇಳಿದರು. ಆಮೇಲೆ ಅವನಿಗೆ ಕಡಿದು ತೋರಿಸುವ ಹುಮ್ಮಸ್ಸು ಬಂತು.

"ಒಂದು ಕತ್ತಿ ಕೊಡಿ," ಎಂದ.

"ಈಗ ಕಾಡು ಮುಚ್ಚಿದೆ ಸಾಹೇಬ್ರೆ," ಎಂದಳು ಸತೇಶ್ವರಿ. "ಮರ ಬಸುರಿ ಇದ್ದಂಗಿದೆ. ಚಿಗುರು ಕಾಣ್ತಿಲ್ವಾ?"

ಪಂಚಾಯಿತಿಯ ಮುಖ್ಯಸ್ಥ, ಸರಪಂಚ ಮಾತಬರ್ ಸಿಂಗ್ ಅವಳಿಗೆ ಮೈದುನ ಆಗಬೇಕು. ಸಾಹೇಬನ ಸಂಸ್ಥೆ ಕಾಡಿಗೆ ಕಲ್ಲಿನ ಗೋಡೆ ಕಟ್ಟಿಸಿಕೊಡುತ್ತದೆಂಬ ಆಸೆ ಅವನ ತಲೆಯಲ್ಲಿ ಕುಣಿಯುತ್ತಿತ್ತು. "ಒಂದು ಕೊಂಬೆ ತಾನೇ ಅತ್ತಿಗೆ," ಎಂದು ಅವಳ ಸೊಂಟದ ಕತ್ತಿಯನ್ನು ತಾನೇ ಎಳೆದು ಸಾಹೇಬನ ಕೈಗಿಟ್ಟ.

ಸಾಹೇಬ ಬೀಸಿದ್ದು ನೇರ ಬೆನ್ನಿಗೆ. ಕೊಂಬೆ ಅರ್ಧ ಮುರಿದು ಜೋತುಬಿತ್ತು, ಅದರ ಜೊತೆಗೆ ಒಂದು ಮೊಳ ಸಿಪ್ಪೆ ಕಾಂಡದಿಂದ ಸುಲಿದು ಬಂತು. ಫೋಟೊ ಹಿಡಿಯುವವನು ಫೋಟೊ ಹಿಡಿದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಸತೇಶ್ವರಿ ಸಾಹೇಬನ ಕೈಯಿಂದ ಕತ್ತಿ ಕಸಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಪಂಚಾಯಿತಿ ಸೇರಿತು. ಸಾಹೇಬ ಅಷ್ಟರಲ್ಲಿ ಜೀಪು ಹತ್ತಿ ಹೋಗಿಯಾಗಿತ್ತು. ಕಟ್ಟಳೆ ಮುರಿದದ್ದಂತೂ ಊರೆಲ್ಲ ಕಂಡಿತ್ತು, ಏನಾದರೂ ಮಾಡಲೇಬೇಕು. ಮಾತಬರ್ ನೆಲ ನೋಡುತ್ತ ಹೇಳಿದ:

"ಅತಿಥಿ ಮೇಲೆ ತಪ್ಪು ಹಾಕಕ್ಕಾಗಲ್ಲ. ಕತ್ತಿ ಯಾರದೋ ಅವರದೇ ತಪ್ಪು ಅಂತ ಬರ್ಕೊಳ್ಳೋಣ. ಕತ್ತಿ ಅತ್ತಿಗೆದು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ಕೈಯಲ್ಲಿ ಕಲಿತ ಸೊಸೆಯಂದಿರೂ ಗಂಡಂದಿರ ಮುಖ ನೋಡಿ ಸುಮ್ಮನಾದರು. ನಾಚಿಕೆಯಾಗಬೇಕಿತ್ತು ಆ ಊರಿಗೆ.

ಸತೇಶ್ವರಿ ಎದ್ದು ನಿಂತಳು. "ಮೊಳೆಗೆ ಹಾಕು. ನಾನು ತಂದ ಕಟ್ಟಳೆ, ನಾನೇ ಮುರಿಯಲ್ಲ. ಆದ್ರೆ ಆ ಹರಕು ಗಾಯಕ್ಕೆ ನನ್ನ ಹೆಸರು ಕಟ್ತೀಯಾ ಸರಪಂಚ? ಅದು ಹತ್ತು ವರ್ಷಕ್ಕೂ ಕೂಡಲ್ಲ, ನೀರು ಇಳಿದು ಒಳಗೆ ಕೊಳೆಯುತ್ತೆ. ನಡಿ, ಎಲ್ಲರೂ ನಡೀರಿ."

ಎಲ್ಲರನ್ನೂ ಹಿಂದೆ ಹಾಕಿಕೊಂಡು ಕಾಡಿಗೆ ಹೋದಳು. ಮರದ ಬುಡದಲ್ಲಿ ಕತ್ತಿಯನ್ನು ಕಲ್ಲಿಗೆ ಮಸೆದಳು.

"ಮುಚ್ಚಿದ ಕಾಡಲ್ಲಿ ಮತ್ತೆ ಕತ್ತಿ ಹಾಕ್ತೀಯಾ ಅತ್ತಿಗೆ?" ಎಂದ ಮಾತಬರ್.

"ಹೆಂಗೂ ಮೊಳೆಗೆ ಹೋಗೋ ಕತ್ತಿ. ಇನ್ನೊಂದು ಏಟಿಗೆ ಇನ್ನೊಂದು ಮೊಳೆ ಹೊಡೀತೀಯಾ? ಹೊಡಿ."

ಅರವತ್ತರ ಹತ್ತಿರದ ಹೆಂಗಸು ಮರ ಹತ್ತಿದಳು. ಜೋತುಬಿದ್ದ ಕೊಂಬೆಗೆ ಮೊದಲು ಹೊಟ್ಟೆಯಿಂದ, ಆಮೇಲೆ ಬೆನ್ನಿನಿಂದ ಏಟು ಹಾಕಿ ಬೀಳಿಸಿದಳು. ಉಳಿದ ಮೋಟನ್ನು ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿಗೆ ಸಮನಾಗಿ ಸವರಿದಳು. ಉಬ್ಬನ್ನು ಮಾತ್ರ ಮುಟ್ಟಲಿಲ್ಲ, ಹೊಸ ಸಿಪ್ಪೆ ಬೆಳೆದು ಬರುವುದು ಅಲ್ಲಿಂದಲೇ. ಸುಲಿದು ನೇತಾಡುತ್ತಿದ್ದ ಸಿಪ್ಪೆಯ ಅಂಚನ್ನು ಗಟ್ಟಿಯಾಗಿ ಅಂಟಿದ ಜಾಗದವರೆಗೆ ಕೊಯ್ದು ತೆಗೆದಳು. ಇಳಿದು ಬಂದು ಕತ್ತಿಯನ್ನು ಮಾತಬರನ ಕೈಗೆ ಕೊಟ್ಟಳು.

ಅಂದಿನಿಂದ ಅವಳು ಬಾಂಜ್ ಕಾಡಿಗೆ ಕಾಲಿಡಲಿಲ್ಲ. ಬೇರೆ ಕತ್ತಿ ಮಾಡಿಸಿಕೊಡುತ್ತೇನೆ ಎಂದ ಮಗಳನ್ನು ಬೈದಳು. ಕೆಳಗಿನ ಚೀಡ್ ಎಂಬ ಪೈನ್ ಮರಗಳ ತೋಪಿನಲ್ಲಿ ಉದುರಿದ ಕಡ್ಡಿ ಆರಿಸಿ ತಂದಳು. ಚೀಡ್ ಉರಿ ಹುಲ್ಲಿನ ಉರಿ, ಹೊಗೆಯೇ ಜಾಸ್ತಿ. ರಾಗಿ ರೊಟ್ಟಿ ಕಪ್ಪಾಗುತ್ತಿತ್ತು, ಹುರುಳಿ ಬೇಯುವಷ್ಟರಲ್ಲಿ ಕಣ್ಣು ಕೆಂಪಾಗುತ್ತಿತ್ತು. ಸಾಹೇಬನ ಗೋಡೆ ಬರಲಿಲ್ಲ. ಅವನು ಮರ ಕಡಿಯುವ ಫೋಟೊ ಮಾತ್ರ ಒಂದು ಪುಸ್ತಕದಲ್ಲಿ ಅಚ್ಚಾಗಿ ಪಂಚಾಯಿತಿಗೆ ಬಂತು.

ಮೂರನೆಯ ಮಳೆಗಾಲ ಮುಗಿಯುವಾಗ ಗಾಯದ ಸುತ್ತಲಿನ ಸಿಪ್ಪೆ ಬಂದು ಕೂಡಿಕೊಂಡಿತು. ಮಾತಬರ್ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಅವಳ ಅಂಗಳಕ್ಕೆ ತಂದ.

"ಕೂಡಿದೆ ಅತ್ತಿಗೆ. ತಗೋ."

"ಕದ್ದುಮುಚ್ಚಿ ಕೊಡೋಕೆ ಇದೇನು ಕಳವಿನ ಮಾಲಾ? ಹೋಗಿ ಮೊಳೆಗೆ ಹಾಕು. ಬಿಡಿಸ್ಕೊಳ್ಳೋದು ತಪ್ಪು ಮಾಡಿದವರ ಕೆಲಸ."

"ಆ ಸಾಹೇಬನ್ನ ಎಲ್ಲಿಂದ ಹುಡುಕ್ಕೊಂಡು ಬರ್ಲಿ?"

"ನಾನು ಅವನ ಮಾತು ಆಡಿದ್ನಾ?"

ಕಾಡು ತೆರೆಯುವ ದಿನ ಊರೆಲ್ಲ ಸೇರಿತ್ತು. ಸತೇಶ್ವರಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮಾತಬರ್ ತನ್ನ ಜಾಗ ಬಿಟ್ಟು ಎದ್ದು, ಟೋಪಿ ತೆಗೆದು, ತಪ್ಪಿತಸ್ಥರು ನಿಲ್ಲುವ ಕಡೆ ಹೋಗಿ ನಿಂತ.

"ಮರ, ಮೇಲಿನ ನೀರಿನ ಒರತೆ ಹತ್ತಿರದ್ದು," ಎಂದ. "ಕೊಂಬೆ, ಮೂಡಣ ಕಡೆಯದು. ಕೈ ಸಾಹೇಬಂದು. ಕತ್ತಿ ಕಿತ್ತು ಕೊಟ್ಟ ಕೈ ನಂದು. ಅತ್ತಿಗೆ ಹೆಸರು ಬರೆಸಿದ್ದೂ ನಾನೇ."

ಅವನು ಕತ್ತಿಯನ್ನು ಮೊಳೆಯಿಂದ ತೆಗೆದು ಎರಡೂ ಕೈಯಲ್ಲಿ ತಂದು ಅವಳ ಮುಂದೆ ಹಿಡಿದ. ಸತೇಶ್ವರಿ ಅದರ ಬಾಯಿಯ ಮೇಲೆ ಹೆಬ್ಬೆರಳಾಡಿಸಿ ನೋಡಿದಳು.

"ತುಕ್ಕು ಹಿಡಿಸಿದೀಯ," ಎಂದಳು. "ಕೂತ್ಕೊಂಡು ಮಸೆ. ನಾನು ಕಾಯ್ತೀನಿ."